ಗಡಿಗೆಯೊಳಗಿನ ನಂಬರು, ಮನೆಯೊಳಗಿನ ಲೆಕ್ಕ

ಯಾದಗಿರಿ, ಶಹಾಪುರ, ಸುರಪುರದ ಕಡೆ ಪತ್ರಿಕೆಯ ಜಿಲ್ಲಾ ಪುಟವನ್ನು ಬಿಡದೆ ಓದುವ ಮುತ್ಯಾಗಳಿಗೆ ಒಂದು ಸುದ್ದಿ ಬಾಯಿಪಾಠವಾಗಿರುತ್ತದೆ. ಮಟಕಾ ಬರೆದುಕೊಳ್ಳುತ್ತಿದ್ದವನನ್ನು ಪೊಲೀಸರು ಹಿಡಿದರು. ಅವನ ಬಳಿ ಇಷ್ಟು ನಗದು, ಒಂದು ಮಟಕಾ ಚೀಟಿ, ಒಂದು ಬಾಲ್‌ಪೆನ್ ಸಿಕ್ಕವು. ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 78(3)ರ ಅಡಿ ಪ್ರಕರಣ ದಾಖಲಾಯಿತು. ನಾಲ್ಕು ಸಾಲಿಗೆ ಸುದ್ದಿ ಮುಗಿಯುತ್ತದೆ. ಆ ಚೀಟಿಯಲ್ಲಿ ನಂಬರು ಬರೆಸಿದವರ ಮನೆಯಲ್ಲಿ ಅಂದು ರಾತ್ರಿ ಏನಾಯಿತು, ಸಂತೆಗೆ ಇಟ್ಟಿದ್ದ ದುಡ್ಡು ಎಲ್ಲಿ ಹೋಯಿತು ಎಂದು ಹೆಂಡತಿ ಕೇಳಿದಾಗ ಯಾವ ಸುಳ್ಳು ಬಂತು, ಅದನ್ನು ಕೇಳಿಸಿಕೊಂಡ ಮಗಳು ಹೊದಿಕೆಯೊಳಗೆ ಏನು ಅಂದುಕೊಂಡಳು, ಇದೆಲ್ಲ ಸುದ್ದಿಯಲ್ಲಿ ಬರುವುದಿಲ್ಲ. ಈ ವಾರ ನಾವು ಆ ಮನೆಯ ಬಗ್ಗೆ ಮಾತಾಡೋಣ. ಮಟಕಾ ಬಿಡುವುದು ಒಬ್ಬನಿಂದಾಗುವ ಕೆಲಸವಲ್ಲ, ಆ ಮನೆಯೆಲ್ಲ ಸೇರಿ ಮಾಡುವ ಕೆಲಸ.

ಮೊದಲು ಈ ಆಟ ಎಲ್ಲಿಂದ ಬಂತು ನೋಡಿ. ನಮ್ಮ ಎರೆಹೊಲದಲ್ಲಿ ಬೆಳೆಯುವ ಹತ್ತಿಗೂ ಅದಕ್ಕೂ ಒಂದು ನಂಟಿದೆ. ನ್ಯೂಯಾರ್ಕ್‌ನ ಹತ್ತಿ ಪೇಟೆಯಲ್ಲಿ ದಿನದ ಮೊದಲ ದರ ಎಷ್ಟು, ಕೊನೆಯ ದರ ಎಷ್ಟು ಎಂಬುದು ತಂತಿಯ ಮೂಲಕ ಮುಂಬಯಿಗೆ ಬರುತ್ತಿತ್ತು. ಆ ಅಂಕಿಯ ಮೇಲೆ ಜನ ಪಂದ್ಯ ಕಟ್ಟುತ್ತಿದ್ದರು. ಮೊದಲ ದರ ‘ಓಪನ್’, ಕೊನೆಯದು ‘ಕ್ಲೋಸ್’. ನಮ್ಮಲ್ಲಿ ಇವತ್ತಿಗೂ ಮಟಕಾವನ್ನು ‘ಓಸಿ’ ಎನ್ನುವುದು ಅದರಿಂದಲೇ. ಆ ದರ ಬರುವುದು ನಿಂತ ಮೇಲೆ 1962ರಲ್ಲಿ ಕಲ್ಯಾಣಜಿ ಭಗತ್ ಎಂಬುವರು, 1964ರಲ್ಲಿ ರತನ್ ಖತ್ರಿ ಎಂಬುವರು ಮುಂಬಯಿಯಲ್ಲಿ ತಮ್ಮದೇ ನಂಬರು ತೆಗೆಯಲು ಶುರುಮಾಡಿದರು. ಮೂರು ಎಲೆ ತೆಗೆದು ಕೂಡಿಸಿ, ಮೊತ್ತದ ಕೊನೆಯ ಅಂಕಿ ಓಪನ್. ಆಮೇಲೆ ಇನ್ನು ಮೂರು ಎಲೆ ತೆಗೆದು ಕ್ಲೋಸ್. ನಂಬರಿನ ಚೀಟಿಯನ್ನು ಗಡಿಗೆಯಿಂದ ಎತ್ತುತ್ತಿದ್ದ ಕಾಲದ ಹೆಸರು ಮಾತ್ರ ಹಾಗೇ ಉಳಿಯಿತು. ಮಟಕಾ ಎಂದರೆ ಹಿಂದಿಯಲ್ಲಿ ಗಡಿಗೆ.

ಹತ್ತಿ ಹೋಯಿತು, ಗಡಿಗೆಯೂ ಹೋಯಿತು. ಉಳಿದದ್ದು ಬರೀ ನಂಬರು. ಈಗ ಅದು ಫೋನಿನಲ್ಲೂ ಬರುತ್ತದೆ.

ಮಕ್ಕಳೇ, ಈಗ ನಿಮ್ಮ ಗಣಿತದ ನೋಟ್‌ಬುಕ್ ತೆಗೆಯಿರಿ. 00ಯಿಂದ 99ರವರೆಗೆ ಒಟ್ಟು 100 ಜೋಡಿ ಅಂಕಿಗಳಿವೆ. ಅವುಗಳಲ್ಲಿ ಬರುವುದು ಒಂದು. ಒಂದು ರೂಪಾಯಿಗೆ 80 ರೂಪಾಯಿ ಕೊಡುತ್ತೇವೆ ಎಂಬುದು ನಮ್ಮ ಕಡೆ ಚೀಟಿ ಬರೆಯುವವರ ಕೂಗು. ಕೇಳಲು ಇಂಪಾಗಿದೆ. ಆದರೆ ನೂರೂ ನಂಬರಿಗೆ ಒಂದೊಂದು ರೂಪಾಯಿ ಕಟ್ಟಿದ ಜಾಣನೊಬ್ಬ ಇದ್ದಾನೆ ಎನ್ನಿ. ಅವನಿಗೆ ನಂಬರು ಹತ್ತುವುದು ಖಾತ್ರಿ. ಕೊಟ್ಟದ್ದು 100, ಬಂದದ್ದು 80. ಗೆದ್ದೂ 20 ರೂಪಾಯಿ ಸೋತ! ಒಂದೊಂದೇ ನಂಬರು ಕಟ್ಟುವವನ ಕಥೆಯೂ ಇದೇ, ಸ್ವಲ್ಪ ನಿಧಾನ ಅಷ್ಟೆ. ದಿನಕ್ಕೆ 100 ರೂಪಾಯಿ ಆಡಿದರೆ ವರ್ಷಕ್ಕೆ 36,500 ರೂಪಾಯಿ ಕೈದಾಟುತ್ತದೆ, ಸರಾಸರಿ 7,300 ರೂಪಾಯಿ ಮರಳಿ ಬರುವುದೇ ಇಲ್ಲ. ಇನ್ನೊಂದು ಲೆಕ್ಕ ದೊಡ್ಡ ತರಗತಿಯವರಿಗೆ: ನೂರು ಜನ ದಿನಕ್ಕೊಂದು ನಂಬರಿನಂತೆ ನೂರು ದಿನ ಆಡಿದರೆ, ಅವರಲ್ಲಿ ಸುಮಾರು 37 ಜನರಿಗೆ ಒಮ್ಮೆಯೂ ಹತ್ತುವುದಿಲ್ಲ. 0.99 ಅನ್ನು ನೂರು ಸಲ ಗುಣಿಸಿ ನೋಡಿ, ಗೊತ್ತಾಗುತ್ತದೆ.

ಲೆಕ್ಕ ಇಷ್ಟು ಸರಳವಾಗಿದ್ದರೆ ಓದಿದವರೂ ಯಾಕೆ ಆಡುತ್ತಾರೆ? ಇದಕ್ಕೆ ಉತ್ತರ ಕೊಟ್ಟದ್ದು ಪಾರಿವಾಳ. ಅಮೆರಿಕದ ಬಿ.ಎಫ್. ಸ್ಕಿನ್ನರ್ ಎಂಬ ಮನೋವಿಜ್ಞಾನಿ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು, ಒಂದು ಗುಂಡಿಯನ್ನು ಕುಟುಕಿದರೆ ಕಾಳು ಬೀಳುವಂತೆ ಮಾಡಿದ್ದರು. ಇಷ್ಟು ಸಲ ಕುಟುಕಿದರೆ ಒಂದು ಕಾಳು ಎಂಬ ನಿಯಮವಿದ್ದಾಗ ಹಕ್ಕಿ ಕಾಳು ತಿಂದು ಸ್ವಲ್ಪ ಸುಧಾರಿಸಿಕೊಳ್ಳುತ್ತಿತ್ತು. ಕಾಳು ಯಾವಾಗ ಬೀಳುತ್ತದೆಂದು ಗೊತ್ತೇ ಆಗದಂತೆ ಮಾಡಿದಾಗ ಮಾತ್ರ ಬಿಡದೆ ಕುಟುಕತೊಡಗಿತು. ಕಾಳು ನಿಲ್ಲಿಸಿದ ಮೇಲೂ ಬಹಳ ಹೊತ್ತು ಕುಟುಕುತ್ತಿತ್ತು. ‘ಇವತ್ತು ಹತ್ತತದ ನೋಡು’ ಎಂದು ಚಾದಂಗಡಿಯ ಮುಂದೆ ಕೂತವನೂ ಅದೇ ಪೆಟ್ಟಿಗೆಯಲ್ಲಿದ್ದಾನೆ. 47 ಬಂದ ದಿನ ಅವನು 46 ಬರೆಸಿದ್ದರೆ ‘ಜರಾ ತಪ್ಪಿತು’ ಎಂದು ಹಿಗ್ಗುತ್ತಾನೆ. ನಂಬರಿನ ಲೋಕದಲ್ಲಿ ಜರಾ ತಪ್ಪುವುದೆಂಬುದಿಲ್ಲ. 46 ಬರೆಸಿದವನೂ 03 ಬರೆಸಿದವನೂ ಸೋತದ್ದು ಒಂದೇ ಸಮ. ಕನಸಿನಲ್ಲಿ ಕಂಡ ಹಾವು, ದಾರಿಯಲ್ಲಿ ಕಂಡ ಗಾಡಿಯ ನಂಬರು, ಹುಚ್ಚನೊಬ್ಬ ಗೊಣಗಿದ ಮಾತು, ಎಲ್ಲವೂ ಅವನಿಗೆ ಸುಳಿವೇ.

ಆದ್ದರಿಂದ ವೈದ್ಯರು ಇದನ್ನು ಬರೀ ಕೆಟ್ಟ ಬುದ್ಧಿ ಎನ್ನುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಜೂಜಿನ ಕಾಯಿಲೆಯನ್ನು ಕುಡಿತ, ಅಫೀಮಿನ ಚಟಗಳ ಸಾಲಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲೂ ಅದಿದೆ. ಆದರೆ ಕಾಯಿಲೆ ಎಂದ ಮಾತ್ರಕ್ಕೆ ಮಾಡಿದ್ದೆಲ್ಲ ಮಾಫಿಯಾಗುವುದಿಲ್ಲ. ಮಗಳ ಕಿವಿಯೋಲೆ ಒತ್ತೆ ಇಟ್ಟವನು ಅದನ್ನು ಬಿಡಿಸಿ ತರಲೇಬೇಕು.

ಶಹಾಪುರದ ಎಪಿಎಂಸಿಯಲ್ಲಿ ಹಮಾಲಿ ಮಾಡುವ ಒಬ್ಬ ಅಪ್ಪ ಇದ್ದಾನೆ ಎಂದುಕೊಳ್ಳೋಣ. ಕೈಯಲ್ಲಿ ದಿನಗೂಲಿ. ಮೊದಲು 10 ರೂಪಾಯಿ, ಒಂದು ದಿನ ಹತ್ತಿ 800 ಬಂತು. ಮನೆಗೆ ಮಿರ್ಚಿ, ಮಂಡಾಳು, ಮಕ್ಕಳಿಗೆ ಹೊಸ ಅಂಗಿ. ಎಲ್ಲ ಅನಾಹುತ ಶುರುವಾಗುವುದು ಸಾಮಾನ್ಯವಾಗಿ ಇಂಥ ಸಂತೋಷದ ದಿನದಿಂದಲೇ. ಆಮೇಲೆ 50, 100, 500. ಕಳೆದದ್ದನ್ನು ಮರಳಿ ತರಲು ಇನ್ನಷ್ಟು. ಹೆಂಡತಿಯ ಹೆಸರಿನಲ್ಲಿ ಸಂಘದ ಸಾಲ. ಸಾಲದ ಕಂತು ಕಟ್ಟಲು ಇನ್ನೊಂದು ಸಾಲ. ಅವನು ಯಾರ ಮುಖವನ್ನೂ ನೋಡಿ ಮಾತಾಡುವುದಿಲ್ಲ. ಅವ್ವ ಸಿಡುಕುತ್ತಾಳೆ. ಮಕ್ಕಳಿಗೆ ತಮ್ಮದೇ ಏನೋ ತಪ್ಪು ಅನಿಸುತ್ತದೆ.

ಇಲ್ಲಿ ಹಿರಿಯರು ಸಾಮಾನ್ಯವಾಗಿ ಮಾಡುವ ಒಂದು ಕೆಲಸವಿದೆ. ಮುತ್ಯಾ ಒಂದು ಎಕರೆ ಮಾರುತ್ತಾನೆ, ಇಲ್ಲವೇ ಆಯಿ ತನ್ನ ಬೋರಮಾಳ ಕೊಡುತ್ತಾಳೆ. ‘ಒಮ್ಮೆ ಸಾಲ ತೀರಲಿ, ಮಗ ಸುಧಾರಿಸ್ತಾನ’ ಎಂಬ ಆಸೆ. ಪ್ರೀತಿಯಿಂದ ಮಾಡಿದ್ದೇ ಹೌದು. ಆದರೆ ಹಸ್ತಿನಾವತಿಯಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಧರ್ಮರಾಯ ಮೊದಲ ಸಲ ರಾಜ್ಯ, ತಮ್ಮಂದಿರು, ದ್ರೌಪದಿ ಎಲ್ಲವನ್ನೂ ಸೋತ. ಮುದುಕ ಧೃತರಾಷ್ಟ್ರ ಹೆದರಿ ಎಲ್ಲವನ್ನೂ ಮರಳಿ ಕೊಟ್ಟ. ಕವಡೆಯಷ್ಟೂ ಸಾಲವಿಲ್ಲದೆ ಪಾಂಡವರು ಇಂದ್ರಪ್ರಸ್ಥದ ದಾರಿ ಹಿಡಿದರು. ಅರ್ಧ ದಾರಿಯಲ್ಲಿ ಮತ್ತೊಂದು ಕರೆ ಬಂತು, ಧರ್ಮರಾಯ ತಿರುಗಿ ಬಂದು ಕೂತ! ಹದಿಮೂರು ವರ್ಷದ ವನವಾಸ ಬಂದದ್ದು ಆ ಎರಡನೇ ಆಟದಿಂದ. ಧರ್ಮದಲ್ಲಿ ಅಷ್ಟು ದೊಡ್ಡವನಿಗೇ ಸಾಲಮುಕ್ತಿ ಸಾಕಾಗಲಿಲ್ಲ. ಸಾಲ ತೀರಿಸುವುದು ಬೇಡವೆಂದಲ್ಲ. ಅದು ಗುಟ್ಟಾಗಿ, ಒಂದೇ ಸಲಕ್ಕೆ, ಅವನ ಕೈಗೆ ದುಡ್ಡು ಕೊಟ್ಟು ಆಗಬಾರದು. ಯಾರಿಗೆ ಎಷ್ಟು ಎಂಬುದನ್ನು ಅವನೇ ಎಲ್ಲರ ಮುಂದೆ ಬರೆಯಬೇಕು, ಅವನ ದುಡಿಮೆಯಿಂದಲೇ ಕಂತಾಗಿ ತೀರಬೇಕು, ದುಡ್ಡು ಮನೆಯವರ ಕೈಯಿಂದ ನೇರ ಸಾಲ ಕೊಟ್ಟವರಿಗೆ ಹೋಗಬೇಕು.

ವನವಾಸದಲ್ಲಿ ಕಂಗಾಲಾಗಿ ಕೂತ ಧರ್ಮರಾಯನಿಗೆ ಬೃಹದಶ್ವ ಎಂಬ ಋಷಿ ಇನ್ನೊಬ್ಬ ಜೂಜುಗಾರನ ಕಥೆ ಹೇಳಿದ. ಅದೇ ನಳನ ಕಥೆ. ಕನಕದಾಸರು ಅದನ್ನು ‘ನಳಚರಿತ್ರೆ’ಯಾಗಿ ಕನ್ನಡಕ್ಕೆ ತಂದರು. ಮುತ್ಯಾ-ಆಯಿಯರೇ, ಮಕ್ಕಳಿಗೆ ನಳದಮಯಂತಿಯ ಕಥೆಯಲ್ಲಿ ಹಂಸದ ಭಾಗವನ್ನು ಮಾತ್ರ ಹೇಳಿ ಬಿಡಬೇಡಿ. ಪುಷ್ಕರನ ಜತೆ ನಳ ತಿಂಗಳುಗಟ್ಟಲೆ ಪಗಡೆಯಾಡುತ್ತಾನೆ. ಊರ ಜನ, ಮಂತ್ರಿಗಳು ಬಾಗಿಲಲ್ಲಿ ನಿಂತಿದ್ದಾರೆಂದು ದಮಯಂತಿ ಹೇಳಿದರೂ ಅವನ ಕಿವಿಗೆ ಬೀಳುವುದಿಲ್ಲ. ಆಗ ಅವಳು ಏನು ಮಾಡಿದಳು? ಬೈಯುತ್ತ ಕೂರಲಿಲ್ಲ. ವಾರ್ಷ್ಣೇಯನೆಂಬ ಸಾರಥಿಯನ್ನು ಕರೆಸಿ ಇಬ್ಬರು ಮಕ್ಕಳನ್ನು ರಥದಲ್ಲಿ ಕೂರಿಸಿ ವಿದರ್ಭದ ತವರುಮನೆಗೆ ಕಳಿಸಿಬಿಟ್ಟಳು. ಮೊದಲು ಮಕ್ಕಳು ಕ್ಷೇಮವಾಗಿರಲಿ, ಗಂಡನ ವಿಚಾರ ಆಮೇಲೆ. ಈ ಒಂದು ಜಾಣತನಕ್ಕೇ ದಮಯಂತಿಯನ್ನು ಮೆಚ್ಚಬೇಕು.

ನಳ ಎಲ್ಲವನ್ನೂ ಸೋತು, ಕಾಡಿನಲ್ಲಿ ಹೆಂಡತಿಯನ್ನೂ ಬಿಟ್ಟು, ರೂಪ ಕೆಟ್ಟು ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣ ರಾಜನ ಸಾರಥಿಯಾದ. ದಮಯಂತಿ ಊರೂರಿಗೆ ಜನ ಕಳಿಸಿ ಹುಡುಕಿಸಿದಳು. ಒಮ್ಮೆ ರಥದಲ್ಲಿ ಹೋಗುವಾಗ ಋತುಪರ್ಣ ಒಂದು ಮರದ ಎಲೆ, ಕಾಯಿಗಳ ಸಂಖ್ಯೆಯನ್ನು ಕಣ್ಣಳತೆಯಲ್ಲೇ ಹೇಳಿಬಿಟ್ಟ. ನಳ ರಥ ನಿಲ್ಲಿಸಿ ಎಣಿಸಿದ, ಲೆಕ್ಕ ಸರಿಯಾಗಿತ್ತು. ನಳ ಕುದುರೆಯ ವಿದ್ಯೆ ಕೊಟ್ಟ, ಋತುಪರ್ಣ ಸಂಖ್ಯೆಯ ವಿದ್ಯೆ ಕೊಟ್ಟ. ಆ ಕ್ಷಣವೇ ನಳನೊಳಗೆ ಹೊಕ್ಕಿದ್ದ ಕಲಿ ಹೊರಬಿದ್ದು ಮರದಲ್ಲಿ ಅಡಗಿದ. ಆ ಮರ ಯಾವುದು ಗೊತ್ತೇ? ತಾರೆ ಮರ. ತ್ರಿಫಲ ಚೂರ್ಣಕ್ಕೆ ಹಾಕುವ ತಾರೆಕಾಯಿಯ ಮರ. ವೇದಕಾಲದ ಜನ ದಾಳವಾಗಿ ಬಳಸುತ್ತಿದ್ದುದು ಇದೇ ಕಾಯಿ. ಋಗ್ವೇದದ ಹತ್ತನೇ ಮಂಡಲದಲ್ಲಿ ಜೂಜುಗಾರನೊಬ್ಬನ ಗೋಳಿನ ಸೂಕ್ತವೇ ಇದೆ: ಅತ್ತೆ ದ್ವೇಷಿಸುತ್ತಾಳೆ, ಹೆಂಡತಿ ದೂರ ತಳ್ಳುತ್ತಾಳೆ, ಆಡುವುದಿಲ್ಲವೆಂದು ನಿಶ್ಚಯಿಸಿದರೂ ದಾಳದ ಸದ್ದು ಕೇಳಿದೊಡನೆ ಕಾಲು ಅತ್ತ ಎಳೆಯುತ್ತದೆ. ದಾಳ ಬಿಟ್ಟು ಹೊಲ ಉಳು ಎಂಬ ಬುದ್ಧಿಮಾತೂ ಅಲ್ಲೇ ಇದೆ.

ಕಥೆಯ ಕೊನೆಗೆ ನಳ ಪುಷ್ಕರನ ಜತೆ ಮತ್ತೆ ಆಡಿ ರಾಜ್ಯ ಗೆಲ್ಲುತ್ತಾನೆ. ನನ್ನನ್ನು ಕೇಳಿದರೆ ಈ ಭಾಗವನ್ನು ಕಥೆಯಾಗಿ ಕೇಳಬೇಕೇ ಹೊರತು ಯಾರೂ ಅನುಸರಿಸಬಾರದು. ‘ಕಳೆದದ್ದನ್ನು ಗೆದ್ದು ಬಿಟ್ಟುಬಿಡ್ತೀನಿ’ ಎಂಬುದೇ ಮಟಕಾದ ಅತಿ ಹಳೆಯ ಬಲೆ. ನಳನಿಗೆ ಋತುಪರ್ಣನ ವಿದ್ಯೆಯಿತ್ತು. ಗಡಿಗೆಯ ನಂಬರಿಗೆ ಯಾವ ವಿದ್ಯೆಯೂ ನಡೆಯುವುದಿಲ್ಲ.

ನಳನ ಕಥೆಯಲ್ಲಿ ದಮಯಂತಿ, ವಾರ್ಷ್ಣೇಯ, ಋತುಪರ್ಣ ಒಬ್ಬೊಬ್ಬರೂ ಒಂದೊಂದು ಕೆಲಸ ಮಾಡಿದರು. ಈಗಿನ ಮನೆಯಲ್ಲಿ ಅದು ಹೀಗೆ ಆಗಬಹುದು. ಕೂಲಿಯ ದುಡ್ಡು ಹೆಂಡತಿಯ ಕೈಗೆ ಇಲ್ಲವೇ ಖಾತೆಗೆ ಬರಲಿ. ಅವನ ಜೇಬಿನಲ್ಲಿ ಚಹಾಕ್ಕೆ, ಬಸ್ಸಿಗೆ ಬೇಕಾದಷ್ಟೇ ಇರಲಿ. ಫೋನಿನಿಂದ ದುಡ್ಡು ಕಳಿಸುವ ಆ್ಯಪ್ ಕೆಲವು ತಿಂಗಳು ಬೇಡ. ಇದನ್ನು ಶಿಕ್ಷೆಯಂತೆ ಹೇರಿದರೆ ಅವನು ಹೊಸ ದಾರಿ ಹುಡುಕುತ್ತಾನೆ. ಅವನೇ ಒಪ್ಪಿ ಕೊಟ್ಟರೆ ನಿಲ್ಲುತ್ತದೆ. ನಂಬರು ಹೊರಬೀಳುವ ಹೊತ್ತು ಎಲ್ಲಕ್ಕಿಂತ ಕಷ್ಟದ್ದು. ಆ ಹೊತ್ತಿಗೆ ಕಟ್ಟೆಯ ಮೇಲೆ ಕೂರುವ ಬದಲು ತಮ್ಮನ ಜತೆ ಹೊಲಕ್ಕೆ ಹೋಗಲಿ, ಭಜನೆಗೆ ಹೋಗಲಿ, ಮಗಳ ಪಾಠ ಕೇಳಲಿ. ಜತೆಗೊಬ್ಬರು ಇರಲಿ.

ಜೂಜು ಬಿಟ್ಟವನೇ ಜೂಜು ಬಿಡುವವನಿಗೆ ನೆರವಾಗುವ ಪದ್ಧತಿಯೊಂದು ಅಮೆರಿಕದಲ್ಲಿ ಹುಟ್ಟಿತು. ಇಬ್ಬರು ಜೂಜುಗಾರರು ಭೇಟಿಯಾಗಿ, ಕಷ್ಟ ಹಂಚಿಕೊಳ್ಳುತ್ತ ಹೋದಷ್ಟು ದಿನ ಆಟದತ್ತ ಹೋಗದೆ ಇರಬಹುದೆಂದು ಕಂಡುಕೊಂಡರು. 1957ರ ಸೆಪ್ಟೆಂಬರ್ 13ರಂದು ಲಾಸ್ ಏಂಜಲೀಸ್‌ನಲ್ಲಿ ‘ಗ್ಯಾಂಬ್ಲರ್ಸ್ ಅನಾನಿಮಸ್’ ಮೊದಲ ಸಭೆ ಸೇರಿತು. ಪೂರ್ತಿ ಹೆಸರು ಹೇಳಬೇಕಿಲ್ಲ, ಫೀಸಿಲ್ಲ. ಹಳಬರು ಹೊಸಬನ ಮನೆಯವರನ್ನೂ ಕೂರಿಸಿಕೊಂಡು ಸಾಲದ ಪಟ್ಟಿ, ತಿಂಗಳ ಖರ್ಚು ಬರೆಸುತ್ತಾರೆ. ಇಂಥದ್ದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ಊರಲ್ಲಿ ಆಟ ಬಿಟ್ಟ ಒಬ್ಬ ಕಾಕಾ ಇದ್ದರೆ ಅವನ ಮನೆಯ ಅಂಗಳ ಸಾಕು.

ನಮ್ಮ ನಾಡಿನಲ್ಲೂ ಇಂಥ ದಾರಿ ತೋರಿದವರಿದ್ದಾರೆ. ಸುರಪುರದಿಂದ ಕೃಷ್ಣೆ ದಾಟಿ ಹೋದರೆ ಸಿಗುವ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿದರು. ಬೇಡಿದ್ದು ಹಿಟ್ಟಲ್ಲ, ಕಾಸಲ್ಲ, ಜನರ ದುಶ್ಚಟಗಳನ್ನು. ಅದು ‘ಮಹಾಂತ ಜೋಳಿಗೆ’ ಎಂದೇ ಹೆಸರಾಯಿತು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಊರಿನ ಮುಂದೆ ಮಾತು ಕೊಟ್ಟರೆ ಅದಕ್ಕೆ ಊರೇ ಸಾಕ್ಷಿ. ಆದರೆ ಮಾತು ಕೊಟ್ಟ ಮರುದಿನವೂ ಇರುತ್ತದಲ್ಲ! ಎರಡು ತಿಂಗಳ ಮೇಲೆ ಕಾಲು ಜಾರಿ ಮತ್ತೆ ಚೀಟಿ ಬರೆಸಿದರೆ ‘ನಿನ್ನ ಹಣೆಬರಹ ಇಷ್ಟೇ’ ಎನ್ನಬೇಡಿ. ಜಾರುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಅಂದೇ ಹೇಳಿದನೋ, ಮುಚ್ಚಿಟ್ಟನೋ ಎಂಬುದನ್ನು ನೋಡಿ. ಅಂದೇ ಬಂದು ಹೇಳಿದರೆ ಅವನು ಮುಂದೆಯೇ ಹೋಗಿದ್ದಾನೆ.

ಮನೆಯವರಿಂದ ಆಗದಿದ್ದಾಗ ವೈದ್ಯರಿದ್ದಾರೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿಯ ನಂಬರು 14416. ಹಗಲು ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಆಡುವವನೇ ಮಾಡಬೇಕೆಂದಿಲ್ಲ, ಹೆಂಡತಿಯೋ ಮುತ್ಯಾನೋ ಮಾಡಬಹುದು. ಯಾದಗಿರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ಫೋನಿನ ಆಟಕ್ಕೆ ಸಿಕ್ಕಿಬಿದ್ದ ಹುಡುಗರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ‘ಶಟ್’ ಎಂಬ ಕ್ಲಿನಿಕ್ ನಡೆಸುತ್ತಿದೆ. ಚಿಕಿತ್ಸೆ ಹೆಚ್ಚಾಗಿ ಮಾತಿನದು. ಜತೆಗೆ ಕುಡಿತವೋ ಖಿನ್ನತೆಯೋ ಇದ್ದರೆ ಅದಕ್ಕೆ ಮಾತ್ರೆ. ಸಾಲಕ್ಕೆ ಹೆದರಿದವನ ಬಾಯಲ್ಲಿ ‘ನಾ ಇರಬಾರದು’ ಎಂಬ ಮಾತು ಬಂದರೆ ಅವನನ್ನು ಒಂಟಿಯಾಗಿ ಬಿಡಬೇಡಿ, ಆಗಲೇ 14416ಕ್ಕೋ 112ಕ್ಕೋ ಕರೆ ಮಾಡಿ. ಸಾಲ ವಸೂಲಿಗೆ ಮನೆಬಾಗಿಲಲ್ಲಿ ಕೂತು ಹೆದರಿಸುವುದರ ವಿರುದ್ಧ ರಾಜ್ಯದಲ್ಲಿ 2025ರಿಂದ ಕಾನೂನೇ ಇದೆ.

ಕಾನೂನಿನ ಮಾತು ಬಂದದ್ದಕ್ಕೆ ಇನ್ನೆರಡು ಸಾಲು. ಬಸ್‌ಸ್ಟ್ಯಾಂಡಿನಲ್ಲಿ ಬಣ್ಣಬಣ್ಣದ ಲಾಟರಿ ಚೀಟಿ ಹಾರದಂತೆ ತೂಗುಹಾಕುತ್ತಿದ್ದದ್ದು ಹಿರಿಯರಿಗೆ ನೆನಪಿರಬೇಕು. 2007ರಲ್ಲಿ ರಾಜ್ಯ ಅದನ್ನು ನಿಷೇಧಿಸಿತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರಲ್ಲಿ ಆಟ ನಡೆಸುವವರಿಗೆ, ಜಾಹೀರಾತು ಕೊಡುವವರಿಗೆ ಶಿಕ್ಷೆಯಿದೆ, ಆಡಿ ಕಳೆದುಕೊಂಡವರಿಗಿಲ್ಲ.

ಮಕ್ಕಳೇ, ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಆಡುತ್ತಿದ್ದರೆ ಅದಕ್ಕೆ ನೀವು ಕಾರಣರಲ್ಲ. ಅದನ್ನು ಬಿಡಿಸುವ ಭಾರವೂ ನಿಮ್ಮದಲ್ಲ. ‘ಅವ್ವಗ ಹೇಳಬ್ಯಾಡ’ ಎಂದು ನಿಮ್ಮ ಕೈಯಲ್ಲಿ ಚೀಟಿ ಕೊಟ್ಟು ಕಳಿಸಿದರೆ ಹೋಗಬೇಡಿ. ಮುತ್ಯಾಗೋ, ಆಯಿಗೋ, ಶಾಲೆಯ ಟೀಚರಿಗೋ ಹೇಳಿ. ಯಾರೂ ಕೇಳಿಸಿಕೊಳ್ಳದಿದ್ದರೆ 1098 ಮಕ್ಕಳದೇ ಸಹಾಯವಾಣಿ. ಹೇಳುವುದು ಚಾಡಿಯಲ್ಲ. ಮುತ್ಯಾ-ಆಯಿಯರೇ, ಮಗು ಬಂದು ಹೇಳಿದರೆ ಅದರ ಹೆಸರು ಎತ್ತದೆ ಮಗನೊಂದಿಗೆ ಒಂಟಿಯಾಗಿ ಮಾತಾಡಿ, ಊರ ಕಟ್ಟೆಯ ಮೇಲೆ ಮರ್ಯಾದೆ ಕಳೆಯಬೇಡಿ. ‘ಎಷ್ಟು ಸಾಲ ಆಗ್ಯದ ಹೇಳು, ಕೂತು ಬರೆಯೋಣ’ ಎಂಬ ಮಾತಿನಿಂದ ಶುರುಮಾಡಿ.

ಕೊನೆಗೆ ಮನೆಯಲ್ಲಿ ಮಾಡಿನೋಡಲು ಒಂದು ಪ್ರಯೋಗ. ಚಟ ಬಿಡುತ್ತಿರುವವರು ಮನೆಯಲ್ಲಿದ್ದರೆ ಇದು ಬೇಡ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಚೀಟಿ ಬರೆದು ಸಣ್ಣ ಗಡಿಗೆಗೆ ಹಾಕಿ. ಗಡಿಗೆ ಮುತ್ಯಾನದು. ಪ್ರತಿ ಮಗುವಿಗೆ 50 ತೊಗರಿ ಬ್ಯಾಳಿ ಎಣಿಸಿ ಕೊಡಿ. ಸಲಕ್ಕೊಂದು ಬ್ಯಾಳಿ ಇಟ್ಟು ಒಂದು ಅಂಕಿ ಹೇಳಬೇಕು. ಹತ್ತಿದರೆ ಮುತ್ಯಾ ಎಂಟು ಬ್ಯಾಳಿ ಕೊಡಬೇಕು. ತೆಗೆದ ಚೀಟಿ ಮತ್ತೆ ಗಡಿಗೆಗೆ. ಪ್ರತಿ ಸಲದ್ದೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಐವತ್ತು ಸಲಕ್ಕೆ ಸರಾಸರಿ 40 ಬ್ಯಾಳಿ ಮರಳುತ್ತವೆ. ಒಬ್ಬನಿಗೆ 64 ಬರಬಹುದು, ಇನ್ನೊಬ್ಬಳಿಗೆ 16. ಇನ್ನೂರು ಸಲ ಆಡಿದ ಮೇಲೆ ಬ್ಯಾಳಿ ಯಾರ ಮುಂದೆ ಗುಡ್ಡೆಯಾಗಿದೆ ನೋಡಿ. ಮೊದಲ ಸುತ್ತಿನಲ್ಲಿ ಗೆದ್ದವನು ‘ಸಾಕು’ ಎಂದನೋ, ‘ಇನ್ನೊಂದು ಸಲ’ ಎಂದನೋ, ಅದನ್ನು ಆಯಿ ಗುರುತು ಹಾಕಿಕೊಳ್ಳಲಿ. ಆಟ ಮುಗಿದ ಮೇಲೆ ಬ್ಯಾಳಿಯನ್ನೆಲ್ಲ ಆರಿಸಿ ಅಡುಗೆಮನೆಗೆ ಕೊಟ್ಟುಬಿಡಿ, ರಾತ್ರಿಯ ಸಾರಿಗೆ ಬೇಕಾಗುತ್ತದೆ.